ಕೂಗಿದ ಹೇಂಟೆ

ನಾನು ಚಿಕ್ಕವಳಿದ್ದಾಗ ನಮ್ಮೂರಿನಲ್ಲಿ ಕೋಳಿ ಮುದಿಯಾಗಿ ಸತ್ತದ್ದನ್ನು ನೋಡಿದವರು ಯಾರೂ ಇರಲಿಲ್ಲ. ಅಷ್ಟು ದಿನ ಅದನ್ನು ಬದುಕಲು ಬಿಡುವವರೇ ಇರಲಿಲ್ಲ. ಹದ್ದು, ಕಾಡುಬೆಕ್ಕು, ಮುಂಗುಸಿ, ಮಳೆಗಾಲದ ಜಾಡ್ಯ ಇಷ್ಟನ್ನೂ ದಾಟಿ ಉಳಿದರೆ ಮನೆಗೆ ನೆಂಟರು ಬರುತ್ತಿದ್ದರು, ಇಲ್ಲವೇ ಮಾರಿಹಬ್ಬ ಬರುತ್ತಿತ್ತು. ಹೇಂಟೆ ಮೊದಲ ವರ್ಷ ಸಣ್ಣ ಮೊಟ್ಟೆ ಇಡುತ್ತದೆ, ಎರಡನೆಯ ವರ್ಷ ಬುಟ್ಟಿ ತುಂಬ ಇಡುತ್ತದೆ. ಮೂರನೆಯ ವರ್ಷಕ್ಕೆ ಸರದಿ ತಪ್ಪುತ್ತದೆ. ಆಮೇಲೆ ಇಡುವುದಕ್ಕಿಂತ ಕಾವಿಗೆ ಕೂರುವುದೇ ಹೆಚ್ಚು. ಅದರಾಚೆ ಏನಾಗುತ್ತದೆ ಎಂಬುದು ಯಾರಿಗೂ ಬೇಕಿರಲಿಲ್ಲ. ಹಾಗಾಗಿಯೇ ನಮ್ಮ ಮನೆಯ ಮುದಿ ಹೇಂಟೆಗೆ ಅದು ಆದಾಗ ಊರಿಗೆ ಊರೇ ಹೆದರಿತು.

ನಮ್ಮೂರು ಕ್ಲೋಸ್‌ಪೇಟೆಗೂ ಮಾಗಡಿಗೂ ನಡುವೆ, ಬಂಡೆ ಬೆಟ್ಟಗಳ ಬುಡದಲ್ಲಿತ್ತು. ಈಗ ರಾಮನಗರ ಅನ್ನುತ್ತಾರಲ್ಲ, ಅದಕ್ಕೆ ಮಹಾರಾಜರ ಕಾಲದಲ್ಲಿ ಕ್ಲೋಸ್‌ಪೇಟೆ ಎಂದೇ ಹೆಸರು. ಗಾಳಿ ಆ ಕಡೆಯಿಂದ ಬೀಸಿದರೆ ಮೈಸೂರಿಗೆ ಹೋಗುವ ರೈಲಿನ ಸಿಳ್ಳೆ ಕೇಳುತ್ತಿತ್ತು. ಮನೆಯಲ್ಲಿ ನಾವು ನಾಲ್ಕೇ ಜನ. ಅಪ್ಪನ ತಾಯಿ ಅಜ್ಜಿ, ಅಪ್ಪ, ಅವ್ವ, ನಾನು. ನನ್ನ ಹಿಂದೆ ಹುಟ್ಟಿದ ಎರಡು ಕೂಸುಗಳು ಉಳಿಯಲಿಲ್ಲ. ಒಂದು ತಿಂಗಳು ತುಂಬುವ ಮೊದಲೇ ಹೋಯಿತು. ಇನ್ನೊಂದು, ಊರಿನಲ್ಲಿ ಮನೆಗೊಬ್ಬರಂತೆ ಸತ್ತ ಆ ದೊಡ್ಡ ಜ್ವರದ ವರ್ಷ ಹೋಯಿತು. ನಾನು ಹತ್ತರ ಆಸುಪಾಸಿನವಳಿದ್ದಾಗ ಅವ್ವ ಮತ್ತೆ ಬಸುರಾದಳು. ಬಸುರಿ ಎಂಬ ಮಾತನ್ನು ಮನೆಯಲ್ಲಿ ಯಾರೂ ಜೋರಾಗಿ ಆಡುತ್ತಿರಲಿಲ್ಲ. ಆಡಿದರೆ ಯಾವುದೋ ಕಿವಿಗೆ ಬೀಳುತ್ತದೆ ಎನ್ನುವ ಹಾಗೆ ಎಲ್ಲರೂ ಮೆಲ್ಲಗೆ ಮಾತಾಡುತ್ತಿದ್ದರು. ನಾನೂ ಹಾಗೇ ಕಲಿತೆ.

ಆ ಹೇಂಟೆ ಉಳಿದುಕೊಂಡದ್ದು ಕಾವಿನಿಂದ. ಕಪ್ಪು ಮಿಶ್ರಿತ ಕಂದು ಬಣ್ಣದ ಸಾಧಾರಣ ನಾಟಿ ಕೋಳಿ ಅದು. ಆದರೆ ಕಾವಿಗೆ ಕೂತರೆ ಕಲ್ಲಿನ ಹಾಗೆ ಕೂರುತ್ತಿತ್ತು. ಯಾರ ಮನೆಯ ಮೊಟ್ಟೆ ಇಟ್ಟರೂ ಮರಿ ಮಾಡಿಕೊಡುತ್ತಿತ್ತು. ಒಂದು ಸಲ ಸುಗ್ಗಿ ಮುಗಿದ ಮೇಲೆ ತಮಿಳು ಸೀಮೆಯಿಂದ ಬಾತುಕೋಳಿ ಹಿಂಡು ಹೊಡೆದುಕೊಂಡು ಬಂದವರು ನಮ್ಮ ಕೆರೆಯಂಗಳದಲ್ಲಿ ಬಿಡಾರ ಹೂಡಿದ್ದರು. ಅಜ್ಜಿ ಅವರಿಗೆ ರಾಗಿ ಕೊಟ್ಟು ಬಾತಿನ ಮೊಟ್ಟೆ ತಂದು ಈ ಹೇಂಟೆಯ ಕೆಳಗೆ ಇಟ್ಟಳು. ಬಾತಿನ ಮೊಟ್ಟೆಗೆ ಕೋಳಿ ಮೊಟ್ಟೆಗಿಂತ ಒಂದು ವಾರ ಹೆಚ್ಚು ಕಾವು ಬೇಕು. ಹೇಂಟೆ ಬಡಕಲಾಯಿತೇ ಹೊರತು ಏಳಲಿಲ್ಲ. ಮರಿಗಳು ಎದ್ದು ನೇರ ಕೆರೆಗೆ ಇಳಿದಾಗ ದಡದಲ್ಲಿ ಅತ್ತಿಂದಿತ್ತ ಓಡಾಡುತ್ತ ಅದು ಕಿರುಚಿಕೊಂಡದ್ದು ನನ್ನ ಅತಿ ಹಳೆಯ ನೆನಪುಗಳಲ್ಲೊಂದು.

ಆ ಮರಿಗಳಲ್ಲಿ ಎರಡು ಹೆಣ್ಣು ಬಾತು ಉಳಿದವು. ಬಾತಿನ ಆಯಸ್ಸು ಗಟ್ಟಿ. ಎಷ್ಟೋ ವರ್ಷ ಕಳೆದರೂ ಅವು ಬೆಳಕು ಹರಿಯುವ ಮೊದಲೇ ಕೊಟ್ಟಿಗೆಯ ಮೂಲೆಯಲ್ಲಿ ಮೊಟ್ಟೆ ಇಟ್ಟು, ಅದರ ಕಡೆ ತಿರುಗಿಯೂ ನೋಡದೆ ನೀರಿಗೆ ಹೋಗುತ್ತಿದ್ದವು. ಅಷ್ಟರಲ್ಲಿ ಅವನ್ನು ಮರಿ ಮಾಡಿದ ಹೇಂಟೆ ಬರಿದಾಗಿತ್ತು. ಅಜ್ಜಿ ಬೆಳಗಾದರೆ ಒಂದೊಂದು ಕೋಳಿಯನ್ನೂ ಕಂಕುಳಲ್ಲಿ ಇಟ್ಟುಕೊಂಡು, ಹಿಂದೆ ಬೆರಳಿಟ್ಟು, ಇವತ್ತು ಇಡುತ್ತದೋ ಇಲ್ಲವೋ ಎಂದು ನೋಡಿ ಕೆಳಗೆ ಬಿಡುತ್ತಿದ್ದಳು. ಆ ವರ್ಷ ಮಳೆ ನಿಂತ ಮೇಲೆ ಒಂದು ದಿನ ಈ ಹೇಂಟೆಯನ್ನು ನೋಡಿ, ಇದರೊಳಗೆ ಇನ್ನೇನೂ ಇಲ್ಲ ಎಂದಳು. ಹಾಗೆಂದು ಅದನ್ನು ಕುಯ್ಯುವ ಮಾತು ಎತ್ತಲಿಲ್ಲ. ಊರಿಗೆಲ್ಲ ಮರಿ ಮಾಡಿಕೊಟ್ಟ ಕೋಳಿ ಎಂಬ ಮರ್ಯಾದೆ ಅದಕ್ಕಿತ್ತು.

ಕಾರ್ತಿಕದಲ್ಲಿ ಅದರ ಗರಿ ಉದುರಿತು. ಹೊಸ ಗರಿ ಬಂದಾಗ ಅದು ಹಳೆಯ ಕೋಳಿಯಾಗಿರಲಿಲ್ಲ. ಕುತ್ತಿಗೆಯ ಮೇಲೆ ಉದ್ದನೆಯ ಚೂಪು ಗರಿ ಮಿರಮಿರನೆ ಮಿಂಚಿದವು. ಬಾಲದಲ್ಲಿ ಎರಡು ಗರಿ ಬಾಗಿ ಕೆಳಗೆ ಇಳಿದವು. ಬಿಳಿಚಿ ಒರಗಿದ್ದ ಜುಟ್ಟು ಕೆಂಪೇರಿ ನೆಟ್ಟಗಾಯಿತು. ಕಾಲಿನ ಹಿಂದೆ ಹುಂಜಕ್ಕಿರುವಂಥ ಮುಳ್ಳು ಮೊಳೆಯಿತು. ಅಪ್ಪ ಮೊದಮೊದಲು ನಕ್ಕ, ಮುದುಕಿಗೆ ಯೌವನ ಬಂತು ಎಂದ. ಅಜ್ಜಿ ನಗಲಿಲ್ಲ. ಅವಳು ಅದರ ಕಾಲನ್ನು ಹಿಡಿದು ಆ ಮುಳ್ಳನ್ನು ಹೆಬ್ಬೆರಳಿನಿಂದ ಸವರಿ ಕೆಳಗೆ ಬಿಟ್ಟಳು.

ಒಂದು ಮುಂಜಾನೆ ಹಿತ್ತಲಿನಿಂದ ಒಂದು ದನಿ ಬಂತು. ಎಣ್ಣೆ ಕಾಣದ ಬಾಗಿಲು ತೆರೆದ ಹಾಗೆ ಶುರುವಾಗಿ ಅರ್ಧಕ್ಕೇ ಕತ್ತರಿಸಿಹೋಯಿತು. ಈ ಸಲದ ಹುಂಜದ ಮರಿ ಕೂಗು ಕಲಿಯುತ್ತಿದೆ ಎಂದುಕೊಂಡೆ. ಮರುದಿನ ಅದೇ ಹೊತ್ತಿಗೆ ಅಜ್ಜಿ ಎದ್ದು ಹೋದಳು, ನಾನೂ ಹಿಂದೆ ಹೋದೆ. ತಿಪ್ಪೆಯ ಅಂಚಿನಲ್ಲಿ ಹೇಂಟೆ ನಿಂತಿತ್ತು. ನಾವು ನೋಡುತ್ತಿದ್ದ ಹಾಗೇ ಕತ್ತು ಚಾಚಿ, ಕಣ್ಣು ಮುಚ್ಚಿ, ಮತ್ತೆ ಕೂಗಿತು. ಅಜ್ಜಿ ನನ್ನ ತೋಳು ಹಿಡಿದುಕೊಂಡಳು. ಅವಳ ಉಗುರು ನನಗೆ ಚುಚ್ಚುತ್ತಿತ್ತು, ಅದು ಅವಳಿಗೆ ತಿಳಿಯಲಿಲ್ಲ.

"ನಿಮ್ಮವ್ವಂಗೆ ಏಳ್ಬ್ಯಾಡ. ಯಾರ್ಗೂ ಏಳ್ಬ್ಯಾಡ" ಎಂದಳು.

ಏಕೆ ಎಂದು ಕೇಳುವ ಅಗತ್ಯ ನನಗಿರಲಿಲ್ಲ. ಹೆಣ್ಣು ಕೋಳಿ ಕೂಗಿದ ಮನೆಯಿಂದ ಒಂದು ಜೀವ ಹೋಗುತ್ತದೆ ಎಂಬುದು ಆಗ ಹಾಲು ಕುಡಿಯುವ ಕೂಸಿಗೂ ಗೊತ್ತಿತ್ತು. ಯಾವ ಜೀವ ಎಂದು ನಾನು ಅಲ್ಲೇ ನಿಂತು ಲೆಕ್ಕ ಹಾಕಿದೆ. ಲೆಕ್ಕ ಹಾಕಲು ಹೆಚ್ಚೇನೂ ಇರಲಿಲ್ಲ. ಅವ್ವನ ಹೊಟ್ಟೆ ಆಗಲೇ ಮುಂದಕ್ಕೆ ಬಂದಿತ್ತು.

ಅಜ್ಜಿ ಒಂದು ಉಪಾಯ ಮಾಡಿದಳು. ಕೋಳಿ ಕೂಗಬೇಕಾದರೆ ಕತ್ತು ಮೇಲೆತ್ತಬೇಕು, ಎತ್ತಲು ಜಾಗವಿಲ್ಲದಿದ್ದರೆ ದನಿ ಹೊರಡುವುದಿಲ್ಲ. ಅವಳು ಗಿಡ್ಡನೆಯ ಬಿದಿರ ಮಂಕರಿಯೊಂದನ್ನು ಹುಡುಕಿ, ಸಂಜೆ ಹೇಂಟೆಯನ್ನು ಅದರ ಕೆಳಗೆ ಹಾಕಿ, ಮೇಲೆ ಗೋಣಿ ಮುಚ್ಚಿ, ಕಲ್ಲು ಹೇರುತ್ತಿದ್ದಳು. ಹೊತ್ತು ಏರಿದ ಮೇಲೆ ಬಿಡುತ್ತಿದ್ದಳು. ಉಪಾಯ ಫಲಿಸಿತು. ಆದರೆ ನನ್ನ ನಿದ್ದೆ ಹೋಯಿತು. ಮುಂಜಾನೆ ಮೊದಲ ಹುಂಜ ಕೂಗುವುದಕ್ಕೂ ಮುಂಚೆ ಎಚ್ಚರವಾಗಿ, ಅವ್ವನ ಬೆನ್ನಿಗೆ ಅಂಟಿಕೊಂಡು, ಊರಿನ ಒಂದೊಂದು ಹುಂಜದ ದನಿಯನ್ನೂ ಗುರುತು ಹಿಡಿಯುತ್ತಿದ್ದೆ. ಇದು ಪಕ್ಕದ ಮನೆಯದು, ಇದು ಗೌಡರ ಮನೆಯದು, ಇದು ಬಾವಿ ಹತ್ತಿರದ್ದು. ಎಲ್ಲವೂ ಹುಂಜವೇ ಎಂದು ಖಾತ್ರಿಯಾದ ಮೇಲೆ ಉಸಿರು ಬಿಡುತ್ತಿದ್ದೆ. ಮಂಕರಿಯೊಳಗೆ ಅದು ಕತ್ತು ಎತ್ತಲಾಗದೆ ಗೊರಗೊರ ಎನ್ನುವುದು ಕೆಲವು ದಿನ ಗೋಡೆಯಾಚೆ ಕೇಳುತ್ತಿತ್ತು. ಅದು ಕೂಗಿಗಿಂತ ಭಯವಾಗಿತ್ತು.

ಅವ್ವನಿಗೆ ಗೊತ್ತಾಯಿತೋ ಇಲ್ಲವೋ ನಮಗೆ ತಿಳಿಯಲಿಲ್ಲ. ಅವಳು ಹಿತ್ತಲಿಗೆ ಹೋಗುವುದನ್ನು ಮಾತ್ರ ನಿಲ್ಲಿಸಿದಳು.

ಒಂಬತ್ತನೆಯ ತಿಂಗಳಲ್ಲಿ ಬಳೆ ತೊಡಿಸುವ ಶಾಸ್ತ್ರ ಇಟ್ಟುಕೊಂಡರು. ಹಿಂದಿನ ಎರಡು ಬಸುರಿನಲ್ಲೂ ಮಾಡಿದ್ದು ನೆನಪಾಗಿ ಅಜ್ಜಿ ಬೇಡವೆಂದಳಂತೆ. ಬಿಟ್ಟರೆ ಜನ ಆಡಿಕೊಳ್ಳುತ್ತಾರೆ ಎಂದು ಅಪ್ಪ ಮಾಡಿಸಿದ. ಚನ್ನಪಟ್ಟಣದಿಂದ ಬಳೆಗಾರ ಸಾಬರು ಬಂದರು. ನಮ್ಮ ಸೀಮೆಯ ಹೆಂಗಸರ ಕೈಯ ಅಳತೆಯೆಲ್ಲ ಬಲ್ಲ ಮುದುಕರು. ಪಡಸಾಲೆಯಲ್ಲಿ ಅವ್ವನನ್ನು ಮಣೆಯ ಮೇಲೆ ಕೂರಿಸಿದ್ದರು, ಬೀದಿಯ ಹೆಂಗಸರೆಲ್ಲ ಸುತ್ತ ಕೂತಿದ್ದರು. ಪಕ್ಕದ ಮನೆಯ ದೊಡ್ಡವ್ವ ಅವ್ವನ ಭುಜಕ್ಕೆ ಕೈಯಿಟ್ಟುಕೊಂಡು ಕೂತಿದ್ದಳು. ಅಪ್ಪನ ದೊಡ್ಡಪ್ಪನ ಮಗನ ಹೆಂಡತಿ ಆಕೆ. ಅವ್ವನ ಎಲ್ಲ ಹೆರಿಗೆಗೂ ಬೆನ್ನು ಹಿಡಿದವಳು.

ಸಾಬರು ಎಡಗೈಗೆ ಹಸಿರು ಬಳೆ ಏರಿಸಿ ಮುಗಿಸಿದ್ದರು. ಬಲಗೈ ಚಾಚು ಎನ್ನುತ್ತಿದ್ದ ಹಾಗೆ ಹಿತ್ತಲಿನ ಒರಳುಕಲ್ಲಿನ ಮೇಲಿನಿಂದ ಹೇಂಟೆ ಕೂಗಿತು. ಹಗಲು ಹೊತ್ತು ಅದು ಕೂಗಿದ್ದು ಅದೇ ಮೊದಲು. ಈ ಸಲ ದನಿ ಅರ್ಧಕ್ಕೆ ನಿಲ್ಲಲಿಲ್ಲ, ಪೂರ್ತಿ ಬಂತು, ಒಡಕು ಒಡಕಾಗಿ.

ದೊಡ್ಡವ್ವ ಅಜ್ಜಿಯ ಮುಖ ನೋಡಿದಳು.

"ಯಾವ್ದದು ಕೂಗಿದ್ದು?"

"ಈ ಸಲದ ಹುಂಜದ ಮರಿ ಕಣವ್ವ" ಎಂದಳು ಅಜ್ಜಿ.

ಅಷ್ಟರಲ್ಲಿ ಹೇಂಟೆ ಒರಳಿನಿಂದ ಇಳಿದು, ಕಾಳು ಚೆಲ್ಲಿರಬಹುದು ಎಂಬ ಆಸೆಗೆ ಹಿತ್ತಲ ಬಾಗಿಲಿಗೆ ಬಂತು. ಹೊಸಿಲಿನ ಆಚೆ ನಿಂತು, ಎಲ್ಲರೂ ನೋಡುತ್ತಿದ್ದ ಹಾಗೇ ಕತ್ತು ಚಾಚಿ ಇನ್ನೊಂದು ಸಲ ಕೂಗಿತು. ಬೀದಿಯವರೆಲ್ಲರ ಮೊಟ್ಟೆಯ ಮೇಲೂ ಕೂತಿದ್ದ ಕೋಳಿ. ಗುರುತು ಸಿಕ್ಕದವರು ಅಲ್ಲಿ ಯಾರೂ ಇರಲಿಲ್ಲ. ದೊಡ್ಡವ್ವ ಅವ್ವನ ಭುಜದಿಂದ ಕೈ ತೆಗೆದಳು. ಬೇಕೆಂದು ತೆಗೆದಳೆಂದು ನಾನು ಹೇಳಲಾರೆ, ಬಿಸಿ ಪಾತ್ರೆ ಮುಟ್ಟಿದವರ ಕೈ ತಾನಾಗಿ ಹಿಂದೆ ಬರುತ್ತದಲ್ಲ, ಹಾಗೆ ಬಂತು. ಒಬ್ಬೊಬ್ಬರಾಗಿ ಎದ್ದರು. ಎಲೆಯಡಿಕೆಯನ್ನು ಸೆರಗಿಗೆ ಕಟ್ಟಿಕೊಳ್ಳದೆ ತಟ್ಟೆಯಲ್ಲೇ ಬಿಟ್ಟು ಹೋದರು.

ಅವ್ವನ ಒಂದು ಕೈ ತುಂಬ ಬಳೆ, ಇನ್ನೊಂದು ಕೈ ಬರಿದು. ಸಾಬರೂ ಎದ್ದು ಹೋಗಿಬಿಟ್ಟರೆ ಎಂದು ನಾನು ಅವರ ಗಂಟನ್ನೇ ನೋಡುತ್ತಿದ್ದೆ. ಅವರು ಏಳಲಿಲ್ಲ. "ಆ ಕೈ ಕೊಡವ್ವ" ಎಂದರು. ಅವ್ವನಿಗೆ ಬೆರಳು ಮಡಚಲು ಬರುತ್ತಿರಲಿಲ್ಲ. ಒಂದು ಬಳೆ ಗೆಣ್ಣಿಗೆ ಸಿಕ್ಕಿ ಚಟ್ಟನೆ ಮುರಿಯಿತು. ಸಾಬರು ಚೂರುಗಳನ್ನು ತಮ್ಮ ಬಟ್ಟೆಯ ಗಂಟಿನಡಿಗೆ ಸರಿಸಿಬಿಟ್ಟರು. ಅಜ್ಜಿ ನೋಡಲಿಲ್ಲ, ನಾನು ನೋಡಿದೆ. ಅವರು ಇನ್ನೊಂದು ಬಳೆ ತೆಗೆದು, ಎಣ್ಣೆ ಸವರಿ, ಅಷ್ಟನ್ನೂ ಏರಿಸಿಯೇ ಎದ್ದರು. ಹೋಗುವಾಗ, ನಿನ್ನ ಮಗುವಿನ ಕೈಗೂ ನಾನೇ ಬಳೆ ತೊಡಿಸುತ್ತೇನೆ ಎಂದು ಅವ್ವನಿಗೆ ಹೇಳಿದರು. ಅವ್ವ ತಲೆಯೆತ್ತಲಿಲ್ಲ.

ಊಟದ ಹೊತ್ತಿಗೆ ಊರಿನ ಹಿರಿಯರು ಜಗಲಿಗೆ ಬಂದರು. ದೊಡ್ಡವ್ವನ ಗಂಡನೇ ಮುಂದಾಗಿದ್ದ. ಆ ಕೋಳಿ ಈ ಊರಿನಲ್ಲಿ ಇನ್ನೊಂದು ಬೆಳಗು ನೋಡಬಾರದು ಎಂಬುದು ಅವರ ಮಾತು. ಕೇಡು ಒಂದು ಮನೆಯಲ್ಲೇ ನಿಲ್ಲುತ್ತದೆ ಎಂದು ಏನು ಖಾತ್ರಿ ಎಂದೂ ಕೇಳಿದರು. ಅಪ್ಪ ಒಪ್ಪಿದ. ಆದರೆ ಅವನ ಕೈ ಕಟ್ಟಿತ್ತು. ಹೆಂಡತಿ ಬಸುರಿಯಾಗಿರುವಾಗ ಗಂಡ ಜೀವ ತೆಗೆಯಬಾರದು, ತೆಗೆದರೆ ಅದು ಹೊಟ್ಟೆಯಲ್ಲಿರುವ ಕೂಸಿಗೆ ತಟ್ಟುತ್ತದೆ ಎಂಬುದನ್ನೂ ಅದೇ ಹಿರಿಯರೇ ಹೇಳಿಕೊಟ್ಟಿದ್ದರು. ಬಸುರು ನಿಂತಾಗಿನಿಂದ ಅವನು ಹಾವು ಕಂಡರೂ ದಾರಿ ಬಿಟ್ಟು ನಡೆಯುತ್ತಿದ್ದ.

"ನೀವ್ಯಾರಾದ್ರೂ ಕುಯ್ದು ಕೊಡಿ, ನಿಮ್ಮ ಕಾಲಿಗೆ ಬೀಳ್ತೀನಿ" ಎಂದ ಅಪ್ಪ.

ಯಾರೂ ಮುಂದೆ ಬರಲಿಲ್ಲ. ಕೂಗಿದ ಹೇಂಟೆಯನ್ನು ಕುಯ್ದವನ ಮನೆಗೆ ಅದರ ಕೇಡು ದಾಟುತ್ತದೆ ಎಂಬುದೂ ಎಲ್ಲರಿಗೂ ಗೊತ್ತಿದ್ದದ್ದೇ. ಕೊನೆಗೆ, ಕುಯ್ಯುವುದು ಬೇಡ, ಊರ ಗಡಿ ದಾಟಿಸಿ ಬೆಟ್ಟಕ್ಕೆ ಬಿಡಿ, ಚಿರತೆ ನೋಡಿಕೊಳ್ಳುತ್ತದೆ ಎಂದು ತೀರ್ಮಾನವಾಯಿತು. ಬಿಡುವುದೂ ಕೊಂದ ಹಾಗೇ ಅಲ್ಲವೇ ಎಂದು ಅಪ್ಪ ಹಿಂಜರಿದ. ನಾನು ಹೋಗುತ್ತೇನೆ ಎಂದು ಅಜ್ಜಿ ಎದ್ದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು, ಕಲ್ಲುದಾರಿಯಲ್ಲಿ ಕೈ ಹಿಡಿಯಲು ನನ್ನನ್ನು ಕರೆದುಕೊಂಡಳು.

ಕೋಳಿಯನ್ನು ಸೆರಗಿನೊಳಗೆ ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡು ಅಜ್ಜಿ ನಡೆದಳು. ಅದು ಒದ್ದಾಡಲಿಲ್ಲ. ದಿನಾ ಬೆಳಗ್ಗೆ ಅದೇ ಕಂಕುಳಲ್ಲಿ ಇದ್ದು ಅಭ್ಯಾಸವಾಗಿದ್ದ ಕೋಳಿ. ಹೊಲಗಳು ಮುಗಿದು, ಹಳ್ಳ ದಾಟಿ, ಬಂಡೆಗಳ ನಡುವಿನ ಕಾಲುದಾರಿ ಹಿಡಿದೆವು. ಇನ್ನೂ ಬಿಸಿಲಿತ್ತು, ಆದರೆ ಆ ಬಂಡೆಗಳ ಸಂದಿನಲ್ಲಿ ಬೆಳಕು ಬೇಗ ಹೋಗುತ್ತದೆ. ಒಂದು ಕಡೆ ಮೇಕೆಯ ಕೊಂಬು, ಕೂದಲು, ಒಣಗಿದ ಚರ್ಮದ ಚೂರು ಬಿದ್ದಿದ್ದವು. ಹೋದ ತಿಂಗಳು ಕಾಣೆಯಾದ ಮೇಕೆ ಯಾರದೆಂದು ನನಗೆ ಗೊತ್ತಿತ್ತು. ನಾನು ಅಜ್ಜಿಯ ಸೀರೆಯನ್ನು ಎರಡು ಕೈಯಿಂದಲೂ ಹಿಡಿದುಕೊಂಡೆ.

ಚಪ್ಪಟೆ ಬಂಡೆಯೊಂದರ ಮೇಲೆ ಅಜ್ಜಿ ಕೋಳಿಯನ್ನು ಇಳಿಸಿ, ಮಡಿಲಿನಿಂದ ರಾಗಿ ತೆಗೆದು ಅದರ ಮುಂದೆ ಚೆಲ್ಲಿದಳು. ಅದು ತಲೆ ತಗ್ಗಿಸಿ ತಿನ್ನತೊಡಗಿತು. ಆಗ ಮೇಲಿನ ಬಂಡೆಗಳ ಕಡೆಯಿಂದ ಯಾರೋ ಗರಗಸದಲ್ಲಿ ಮರ ಕೊಯ್ಯುವಂಥ ಸದ್ದು ಬಂತು. ಒಮ್ಮೆ ಬಂತು, ನಿಂತಿತು, ಮತ್ತೆ ಬಂತು. ಆ ಬೆಟ್ಟದಲ್ಲಿ ಮರ ಕೊಯ್ಯುವವರು ಯಾರೂ ಇರಲಿಲ್ಲ. ಅಜ್ಜಿ ಸದ್ದಿನ ಕಡೆ ಕಿವಿ ಕೊಟ್ಟು ಒಂದು ಗಳಿಗೆ ನಿಂತಳು. ಆಮೇಲೆ ನನ್ನ ಕೈ ಹಿಡಿದು, ಓಡಬೇಡ, ಹಿಂದೆ ನೋಡಬೇಡ ಎಂದಳು. ಅವಳ ತುಟಿ ಅಲುಗುತ್ತಿತ್ತು. ದೇವರ ಹೆಸರು ಹೇಳುತ್ತಿದ್ದಾಳೆ ಎಂದುಕೊಂಡೆ. ಹತ್ತಿರ ಕಿವಿಯಿಟ್ಟರೆ, ತಪ್ಪಾಯಿತು, ತಪ್ಪಾಯಿತು ಎನ್ನುತ್ತಿದ್ದಳು. ದೇವರಿಗೋ ಕೋಳಿಗೋ ಗೊತ್ತಾಗಲಿಲ್ಲ.

ದಾರಿಯುದ್ದಕ್ಕೂ ನನಗೆ ಒಂದೇ ಯೋಚನೆ. ಚಿರತೆ ಅದನ್ನು ತಿಂದರೆ ಅದರೊಳಗಿನ ಕೇಡು ಎಲ್ಲಿಗೆ ಹೋಗುತ್ತದೆ? ಚಿರತೆಯ ಹೊಟ್ಟೆಗೋ, ಅಥವಾ ಬಿಡುಗಡೆಯಾಗಿ ನಮ್ಮ ಹಿಂದೆಯೇ ಬರುತ್ತದೋ? ಹಳ್ಳದ ನೀರಿಗೆ ಕಾಲಿಟ್ಟಾಗ ಹಿಂದೆ ಇನ್ನಾರೋ ಕಾಲಿಟ್ಟ ಹಾಗೆ ಅನಿಸಿತು. ನೋಡಲಿಲ್ಲ.

ಮನೆಗೆ ಬಂದಾಗ ಅವ್ವ ಅಜ್ಜಿಯ ಬರಿಗೈಯನ್ನು ನೋಡಿದಳು. ಬೆಳಗಾಗುವ ಹೊತ್ತಿಗೆ ಅವಳಿಗೆ ನೋವು ಕಾಣಿಸಿತು. ಇನ್ನೂ ದಿನ ತುಂಬಿರಲಿಲ್ಲ.

ಸೂಲಗಿತ್ತಿ ಬಂದಳು. ಬಾಗಿಲಿಗೆ ಕಂಬಳಿ ಕಟ್ಟಿದರು. ಅಪ್ಪ ಜಗಲಿಯ ಮೇಲೆ ಕೂತು ಬೀದಿಯನ್ನೇ ನೋಡುತ್ತಿದ್ದ. ಬೀದಿಯಲ್ಲಿ ಬಾಗಿಲುಗಳು ಮುಚ್ಚಿದ್ದವು. ನೀರು ತರಲು ಹೋದ ನನ್ನನ್ನು ಕಂಡು ಬಾವಿಯ ಹತ್ತಿರ ಇದ್ದವರು ಕೊಡ ಎತ್ತಿಕೊಂಡು ಹೋದರು. ಯಾವ ಹೆರಿಗೆಯನ್ನೂ ತಪ್ಪಿಸದ ದೊಡ್ಡವ್ವ ಬೇಲಿಯಾಚೆ ತನ್ನ ಹಿತ್ತಲಿನಲ್ಲಿ ನಿಂತಿದ್ದಳು, ಒಳಗೆ ಬರಲಿಲ್ಲ. ಅವ್ವನ ನರಳಾಟ ಅವಳಿಗೂ ಕೇಳುತ್ತಿತ್ತು.

ಹೊತ್ತು ನೆತ್ತಿಗೆ ಬಂದಾಗ ಸೂಲಗಿತ್ತಿ ಹೊರಗೆ ಬಂದು ಅಜ್ಜಿಯ ಕಿವಿಯಲ್ಲಿ, "ಕಾಲು ಮುಂದೈತೆ ಕಣವ್ವ. ನನ್ನೊಬ್ಳ ಕೈಲಾಗಲ್ಲ" ಎಂದಳು. ಅಜ್ಜಿ ಗೋಡೆಗೆ ಒರಗಿದಳು. ಅದೇ ಗಳಿಗೆಗೆ ಹಿತ್ತಲಿನ ಬೇಲಿಯ ಕಂಡಿಯಿಂದ ಹೇಂಟೆ ಒಳಗೆ ಬಂತು.

ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಬಾಗಿದ ಬಾಲದ ಗರಿ ಒಂದೂ ಇರಲಿಲ್ಲ, ಬೆನ್ನಿನ ಮೇಲೆ ಒಣಗಿದ ರಕ್ತವಿತ್ತು, ಒಂದು ಕಾಲು ಎಳೆಯುತ್ತಿತ್ತು. ಆದರೆ ಅದೇ ಕೋಳಿ. ನಮ್ಮ ದಾರಿ ಹಿಡಿದೇ ಬಂದಿರಬೇಕು. ಅದು ಹಿತ್ತಲಿನ ನಡುವೆ ನಿಂತು ಸುತ್ತ ನೋಡಿತು. ಅಪ್ಪ ಯಾವಾಗ ಬಂದನೋ ತಿಳಿಯದು, ಅವನ ಕೈಯಲ್ಲಿ ಸೌದೆ ಸೀಳುವ ಕೊಡಲಿ ಇತ್ತು. ಅವನ ಮುಖವನ್ನು ಅಷ್ಟು ಕೆಟ್ಟದಾಗಿ ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಅದು ಸಿಟ್ಟಲ್ಲ. ಅಪ್ಪನೂ ಹೆದರುತ್ತಾನೆ ಎಂದು ನನಗೆ ಅವತ್ತು ಗೊತ್ತಾಯಿತು.

"ಕೆಳೀಕ್ ಮಡಗ್ಲಾ ಅದ" ಎಂದಳು ಅಜ್ಜಿ. "ಒಳಗೆ ನಿನ್ನ ಹೆಂಡ್ತಿ ಅವ್ಳೆ. ನಿನ್ನ ಕೂಸು ಐತೆ."

ಕೊಡಲಿ ಎತ್ತಿದ್ದು ಹಾಗೇ ನಿಂತಿತು. ಒಳಗಿನಿಂದ ಅವ್ವನ ದನಿ ಬಂತು. ಏನದು, ಯಾರು ಬಂದರು ಎಂದು ಕೇಳಿದಳು. ಸುಳ್ಳು ಹೇಳಲು ನನಗೆ ಏನೂ ಹೊಳೆಯಲಿಲ್ಲ.

"ಕೋಳಿ ಬಂತು ಕಣವ್ವ" ಎಂದೆ.

ಕಂಬಳಿಯ ಆಚೆಯಿಂದ ಅವ್ವ, "ಒಸಿ ನೀರು ಮಡಗು ಅದ್ಕೆ" ಎಂದಳು.

ಅಪ್ಪ ಕೊಡಲಿ ಕೆಳಗೆ ಇಟ್ಟ. ನಾನು ಒಡೆದ ಮಡಕೆಯ ಓಡಿನಲ್ಲಿ ನೀರು ತುಂಬಿ ಹೇಂಟೆಯ ಮುಂದೆ ಇಟ್ಟು ಹಿಂದೆ ಸರಿದೆ. ಕೋಳಿ ನೀರು ಕುಡಿಯುವುದನ್ನು ನೋಡಿದವರಿಗೆ ಗೊತ್ತು, ಕೊಕ್ಕು ಅದ್ದಿ, ಒಂದೊಂದು ಗುಟುಕಿಗೂ ತಲೆ ಮೇಲೆತ್ತಿ ಕತ್ತು ಚಾಚುತ್ತದೆ. ಕೂಗುವ ಮೊದಲೂ ಹಾಗೇ ಚಾಚುತ್ತದೆ. ಅದು ಪ್ರತಿ ಸಲ ಕತ್ತು ಎತ್ತಿದಾಗಲೂ ಈಗ ಕೂಗುತ್ತದೆ, ಅವ್ವ ಈಗ ಹೋಗುತ್ತಾಳೆ ಎಂದು ನಾನು ಎರಡು ಕಿವಿಯನ್ನೂ ಮುಚ್ಚಿಕೊಳ್ಳುತ್ತಿದ್ದೆ. ಬಹಳ ಬಾಯಾರಿತ್ತು ಅದಕ್ಕೆ. ಓಡು ಬರಿದಾಗುವವರೆಗೂ ಕುಡಿಯಿತು. ಕೂಗಲಿಲ್ಲ. ಕುಂಟುತ್ತ ಹೋಗಿ ಮಂಕರಿಯ ಪಕ್ಕದಲ್ಲಿ ಕೂತಿತು.

ಬೇಲಿಯಾಚೆ ದೊಡ್ಡವ್ವ ಇದನ್ನೆಲ್ಲ ನೋಡುತ್ತ ನಿಂತಿದ್ದಳು. ಅವ್ವ ಮತ್ತೆ ಕಿರುಚಿದಳು. ಮನುಷ್ಯರ ಗಂಟಲಿನಿಂದ ಅಂಥ ದನಿ ಬರುತ್ತದೆಂದು ನನಗೆ ತಿಳಿದಿರಲಿಲ್ಲ. ದೊಡ್ಡವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೇಲಿಯ ಕಂಡಿಯಲ್ಲಿ ನುಸುಳಿದಳು. ಹೇಂಟೆ ಕೂತಿದ್ದ ಕಡೆಯಿಂದ ದೂರ ಸರಿದು, ಗೋಡೆಗೆ ಮೈ ಉಜ್ಜಿಕೊಂಡು ಬಂದಳು. ಅವಳ ಹಲ್ಲು ಕಟಕಟ ಎನ್ನುತ್ತಿತ್ತು. ಯಾರ ಮುಖವನ್ನೂ ನೋಡದೆ ಕಂಬಳಿ ಸರಿಸಿ ಒಳಗೆ ಹೋದಳು. ಅಜ್ಜಿ ಅವಳ ಹಿಂದೆ ಹೋದಳು.

ಹೊರಗೆ ಉಳಿದದ್ದು ನಾನು ಮತ್ತು ಅಪ್ಪ. ಅಪ್ಪ ನನ್ನನ್ನು ಪಕ್ಕಕ್ಕೆ ಎಳೆದುಕೊಂಡ. ಅವನ ಎದೆ ಹೊಡೆದುಕೊಳ್ಳುವುದು ನನ್ನ ಬೆನ್ನಿಗೆ ತಿಳಿಯುತ್ತಿತ್ತು. ನೆರಳು ತಿಪ್ಪೆಯನ್ನು ದಾಟಿ ಬೇಲಿಗೆ ಹೋಗುವವರೆಗೂ ಹಾಗೇ ಕೂತಿದ್ದೆವು. ಬಾತುಗಳು ಕೆರೆಯಿಂದ ಸಾಲಾಗಿ ಬಂದು ಕೊಟ್ಟಿಗೆ ಸೇರಿದವು. ಒಳಗೆ ದೊಡ್ಡವ್ವನ ದನಿ ಒಮ್ಮೆ ಗದರಿತು, ಒಮ್ಮೆ ಅತ್ತಿತು. ಆಮೇಲೆ ಎಲ್ಲ ನಿಂತಿತು. ಕೂಸಿನ ಅಳು ಬರಬೇಕಾದ ಜಾಗದಲ್ಲಿ ಏನೂ ಬರಲಿಲ್ಲ. ಅಪ್ಪನ ಕೈ ನನ್ನ ಹೆಗಲಿನ ಮೇಲೆ ಬಿಗಿಯಾಯಿತು. ಹಿಂದಿನ ಸಲವೂ ಹೀಗೇ ಆಗಿತ್ತೋ ಏನೋ, ಅವನಿಗೆ ನೆನಪಿರಬೇಕು. ಸೂಲಗಿತ್ತಿ ತಟ್ಟುವ ಸದ್ದು ಕೇಳಿತು. ಮತ್ತೆ ತಟ್ಟಿದಳು. ನೀರು ಎರಚಿದ ಸದ್ದು. ಆಮೇಲೆ ಸಣ್ಣಗೆ, ಬೆಕ್ಕಿನ ಮರಿಯ ಹಾಗೆ, ಒಂದು ಅಳು.

ಗಂಡು ಕೂಸು. ಬದುಕಿತು. ನನ್ನ ತಮ್ಮ.

ಆದರೆ ಭಯ ಅವತ್ತಿಗೆ ಮುಗಿಯಲಿಲ್ಲ. ಅವ್ವ ಜ್ವರ ಹಿಡಿದು ಮಲಗಿದಳು. ಕೂಸಿಗೆ ಮೊಲೆ ಹಿಡಿಯುವ ಶಕ್ತಿ ಇರಲಿಲ್ಲ, ಹತ್ತಿಯಲ್ಲಿ ಹಾಲು ಅದ್ದಿ ಬಾಯಿಗೆ ಹಿಂಡುತ್ತಿದ್ದರು. ಗಾಯ ಮಾಗಿದ ಹೇಂಟೆ ಒಂದು ಬೆಳಗ್ಗೆ ಮತ್ತೆ ಕೂಗಿತು. ಈಗ ಅದನ್ನು ಬೆಟ್ಟಕ್ಕೆ ಒಯ್ಯುವ ಮಾತನ್ನು ಯಾರೂ ಎತ್ತಲಿಲ್ಲ. ಬಿಟ್ಟರೆ ಮತ್ತೆ ಬರುತ್ತದೆ ಎಂಬ ಹೆದರಿಕೆ, ಕೊಂದರೆ ಏನಾಗುತ್ತದೋ ಎಂಬ ಹೆದರಿಕೆ. ಅಜ್ಜಿ ಗಿಡ್ಡ ಮಂಕರಿಯನ್ನು ಮತ್ತೆ ತೆಗೆದಳು. ಊರಿನವರು ನಮ್ಮ ಒಲೆಯಿಂದ ಕೆಂಡ ಒಯ್ಯುವುದನ್ನು ಬಿಟ್ಟರು. ಬಾತಿನ ಮೊಟ್ಟೆಗೆ ಬರುತ್ತಿದ್ದವರೂ ಬರಲಿಲ್ಲ. ದೊಡ್ಡವ್ವ ಮಾತ್ರ ಬಂದು ಕೂಸಿಗೆ ಎಣ್ಣೆ ಒತ್ತಿ ನೀರು ಹಾಕಿ ಹೋಗುತ್ತಿದ್ದಳು. ಬರುವಾಗಲೂ ಹೋಗುವಾಗಲೂ ಹಿತ್ತಲಿನ ಕಡೆ ತಿರುಗುತ್ತಿರಲಿಲ್ಲ. ಜ್ವರ ಬಿಟ್ಟು ಅವ್ವ ಎದ್ದು ಕೂತದ್ದು ಯುಗಾದಿಯ ಹೊತ್ತಿಗೆ. ಕೂಸಿಗೆ ಹೆಸರಿಡಲು ಅಜ್ಜಿ ಅದಾದ ಮೇಲೂ ಬಿಡಲಿಲ್ಲ. ಹೆಸರಿಟ್ಟರೆ ಕರೆಯಲು ಸುಲಭವಾಗುತ್ತದೆ ಎಂದಳು. ಯಾರಿಗೆ ಕರೆಯಲು ಎಂದು ಹೇಳಲಿಲ್ಲ.

ಹೇಂಟೆ ಅದಾದ ಮೇಲೂ ಎರಡು ಮಳೆಗಾಲ ಕಂಡಿತು. ಮಂಕರಿಯಿಂದ ಬಿಟ್ಟ ಮೇಲೂ ದಿನಾ ಕೂಗುತ್ತಿರಲಿಲ್ಲ, ಕೆಲವು ವಾರ ಕೂಗುತ್ತಿತ್ತು, ಕೆಲವು ವಾರ ಸುಮ್ಮನಿರುತ್ತಿತ್ತು. ಕೂಗಿದ ದಿನ ತಮ್ಮ ಕೆಮ್ಮಿದರೆ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ. ಆಮೇಲೆ ಅದರ ಕಣ್ಣು ಮಂಜಾಯಿತು, ಕಾಳು ಹುಡುಕಲು ಆಗದಾಯಿತು. ಅಜ್ಜಿ ಮುದ್ದೆಯ ಚೂರನ್ನು ಕೊಕ್ಕಿಗೇ ಹಿಡಿಯುತ್ತಿದ್ದಳು. ಒಂದು ಬೆಳಗ್ಗೆ ಮಂಕರಿ ಎತ್ತಿದಾಗ ತಲೆಯನ್ನು ರೆಕ್ಕೆಯೊಳಗೆ ಇಟ್ಟುಕೊಂಡು ಸತ್ತಿತ್ತು. ನನಗೂ ಅದಕ್ಕೂ ವಯಸ್ಸಿನಲ್ಲಿ ಹೆಚ್ಚು ಅಂತರವಿರಲಿಲ್ಲ. ಅಪ್ಪ ಗುಂಡಿ ತೋಡಿ ಹೂಳಿದ. ಅದು ಮರಿ ಮಾಡಿದ ಎರಡು ಬಾತುಗಳಲ್ಲಿ ಒಂದು ಇನ್ನೂ ಆಗೊಮ್ಮೆ ಈಗೊಮ್ಮೆ ಮೊಟ್ಟೆ ಇಡುತ್ತಿತ್ತು.

ನಾನು ಮದುವೆಯಾಗಿ ಕನಕಪುರದ ಕಡೆ, ಕೋಡಿಹಳ್ಳಿ ಹತ್ತಿರದ ಊರಿಗೆ ಹೋದೆ. ಅಲ್ಲೂ ಹಿತ್ತಲು, ಅಲ್ಲೂ ಕೋಳಿ. ಬಹಳ ವರ್ಷಗಳ ಮೇಲೆ, ದನದ ಆಸ್ಪತ್ರೆಯವರೊಬ್ಬರು ಹಸು ನೋಡಲು ಬಂದಾಗ ಈ ಸಂಗತಿ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ. ಹೇಂಟೆಯೊಳಗೆ ಮೊಟ್ಟೆಯ ಗೊಂಚಲು ವಯಸ್ಸಿಗೋ ಕಾಯಿಲೆಗೋ ಬತ್ತಿಹೋದರೆ ಹಾಗಾಗುವುದುಂಟು, ಗರಿ ಬದಲಾಗುತ್ತದೆ, ಮುಳ್ಳು ಬರುತ್ತದೆ, ಕೂಗುತ್ತದೆ, ಕೋಳಿಯನ್ನು ಅಷ್ಟು ವರ್ಷ ಯಾರೂ ಇಟ್ಟುಕೊಳ್ಳದೆ ಇರುವುದರಿಂದ ಕಾಣುವುದು ಅಪರೂಪ, ಅಷ್ಟೇ ಎಂದರು.

ತವರಿಗೆ ಹೋದಾಗ ಅದನ್ನು ಅವ್ವನಿಗೆ ಹೇಳಿದೆ. ಅಜ್ಜಿ ಆಗ ಇರಲಿಲ್ಲ. ತಮ್ಮ ಹೊಲಕ್ಕೆ ಹೋಗಿದ್ದ. ಅವ್ವ ಮೊರದಲ್ಲಿ ಅವರೆಕಾಳು ಹರಡಿಕೊಂಡು ಕೂತಿದ್ದಳು. ಕೇಳಿ, ಹೌದಾ ಎಂದಳು. ಅವತ್ತು ಮನೆಯಲ್ಲಿ ಎಲ್ಲರೂ ನಡುಗುತ್ತಿದ್ದಾಗ ನೀನೊಬ್ಬಳೇ ಹೆದರಲಿಲ್ಲ, ಆ ಸ್ಥಿತಿಯಲ್ಲೂ ಅದಕ್ಕೆ ನೀರು ಇಡು ಎಂದೆಯಲ್ಲ, ಹೇಗವ್ವ ಎಂದು ಕೇಳಿದೆ. ಅಷ್ಟು ವರ್ಷ ಕೇಳದೆ ಇಟ್ಟುಕೊಂಡಿದ್ದ ಪ್ರಶ್ನೆ ಅದು.

ಅವ್ವ ಕಾಳು ಆರಿಸುತ್ತಿದ್ದ ಕೈ ನಿಲ್ಲಿಸಿದಳು.

"ನಂಗೆ ಎದ್ರಿಕೆ ಇರ್ನಿಲ್ಲ ಅನ್ಕಂಡಿದ್ದಾ? ಬೆಟ್ಟದಿಂದ ಅದು ವಾಪಸ್ ಬಂತು ಅಂದ್ರೆ ನನ್ನ ಕರ್ಕಂಡೋಗಕ್ಕೇ ಬಂದೈತೆ ಅನ್ಕಂಡೆ. ಕಾಲೆಳ್ಕಂಡು ಅಷ್ಟು ದೂರದಿಂದ ಬಂದೈತೆ. ನೀರು ಕುಡ್ಕಂಡು ಒಸಿ ಕೂತ್ಕಳ್ಳಿ, ಅಷ್ಟೊತ್ಗೆ ಕೂಸಾದ್ರೂ ಈಚೆ ಬಂದ್ಬುಡ್ಲಿ ಅಂತ."

ಮೊರವನ್ನು ಒಮ್ಮೆ ಕೇರಿ, ಹುಳುಕು ಕಾಳನ್ನು ಅಂಚಿಗೆ ತಂದಳು. ಪಕ್ಕದಲ್ಲಿ ಕೂತು ನಾನೂ ಕಾಳು ಆರಿಸತೊಡಗಿದೆ.